ಒತ್ತಕ್ಷರದ ಮೊಳೆ

“ಅಚ್ಚಿನ ಮೊಳೆಗಳನ್ನ ಬಾಯಲ್ಲಿ ಇಟ್ಕೊಳ್ತಿದ್ರಾ?” ರಕ್ತಪರೀಕ್ಷೆಯ ಚೀಟಿಯಿಂದ ತಲೆಯೆತ್ತಿ ಡಾಕ್ಟರಮ್ಮ ಕೇಳಿದಾಗ ಮುದುಕನಿಗೆ ನಗು ಬಂತು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು ಅವನು. “ದೊಡ್ಡ ಅಕ್ಷರ ಕೈಯಲ್ಲಿ ನಿಲ್ಲುತ್ತೆ. ಒತ್ತಕ್ಷರ ಅಂದ್ರೆ ಸಾಸಿವೆಕಾಳು, ಬಿದ್ರೆ ಸಿಗಲ್ಲ. ಅದನ್ನ ತುಟೀಲಿ ಹಿಡ್ಕೊಂಡೇ ಕೆಲಸ.”

“ಆ ಮೊಳೆಗಳ ಸೀಸ ಇನ್ನೂ ನಿಮ್ಮ ಮೂಳೇಲಿದೆ, ಯಜಮಾನ್ರೇ. ಅಲ್ಲಿಂದ ರಕ್ತಕ್ಕಿಳಿದು ನಾಳಗಳ ಒಳಮೈಯ ಜೀವಕೋಶಗಳನ್ನ ಕೆಡಿಸ್ತಿದೆ. ನಾಳಕ್ಕೆ ಸಡಿಲಾಗೋದೇ ಮರೆತುಹೋಗಿದೆ. ನಿಮ್ಮ ಬಿಪಿ ಇಳೀದೇ ಇರೋದು ಅದಕ್ಕೇ.”

ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. “ಇವ್ರು ತಮ್ಮ ಮೊಳೆ ಪೆಟ್ಟಿಗೆ ತುಂಬ ಒತ್ತು ಇದ್ರೂ ನನ್ನ ಹತ್ರ ಬೇಡೋಕೆ ಬರ್ತಿದ್ರು, ಡಾಕ್ಟ್ರೇ. ಕಳ್ಳರು!” ಅವನ ಮುಖ ಅರಳಿತು. ಆಗ ಅದೇ ಅಚ್ಚುಕೂಟದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳು ಕಿಟಕಿಯ ಬೆಳಕಿಗೆ ಬಗ್ಗಿ ನಿಲ್ಲುತ್ತಿದ್ದಳು. “ಒಂದು ಯ ಒತ್ತು ಇದ್ರೆ ಕೊಡಿ” ಎಂದರೆ, ತಲೆಯೆತ್ತದೆ, ತುಟಿಯಿಂದ ಬಿಡಿಸಿ ಅವನ ಅಂಗೈಗಿಡುತ್ತಿದ್ದಳು. ಮೊಳೆ ಬೆಚ್ಚಗಿರುತ್ತಿತ್ತು. ಅದು ಆರುವವರೆಗೂ ಅವನು ಮುಷ್ಟಿ ಬಿಚ್ಚುತ್ತಿರಲಿಲ್ಲ. ಮೊದಮೊದಲು ಅವಳು ಒತ್ತಕ್ಷರಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಅಳುಮೋರೆ ಮಾಡುತ್ತಿದ್ದಳು. ತುಟಿಯಲ್ಲಿ ಹಿಡಿಯುವ ಉಪಾಯ ಹೇಳಿಕೊಟ್ಟವನು ಅವನೇ.

ಅವನ ನಗು ಅಲ್ಲಿಗೇ ನಿಂತಿತು. ಹೆಂಡತಿ ಇನ್ನೂ ನಗುತ್ತಲೇ ಇದ್ದಳು. ಅವನು ಅವಳ ಕೈ ಹಿಡಿದು, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಡಾಕ್ಟರಮ್ಮನ ಮೇಜಿನ ಮೇಲಿಟ್ಟ.

“ಇವಳ ರಕ್ತಾನೂ ನೋಡಿ, ತಾಯಿ. ಇವಳಿಗೆ ಕಲಿಸಿದವನು ನಾನು.”