ಪಕ್ಕದ ಸೀಟು

ಆ ಶನಿವಾರ ಬೆಳಗ್ಗೆ ದಿಲ್ಲಿಯ ಮೇಲೆ ಮಂಜು ಕವಿದು ಕೂತಿತ್ತು. ಹತ್ತು ಗಂಟೆಯಾದರೂ ಸೂರ್ಯ ಎಣ್ಣೆ ತೀರಿದ ದೀಪದ ಹಾಗೆ ಮಿಣುಕುತ್ತಿದ್ದ. ಷೋರೂಮಿನೊಳಗೆ ಕೇಶವಮೂರ್ತಿಗಳು ಬಿಳಿಯ ಸಣ್ಣ ಕಾರೊಂದರ ಸುತ್ತ ಪ್ರದಕ್ಷಿಣೆ ಹಾಕುವವರಂತೆ ನಿಧಾನವಾಗಿ ನಡೆದರು. ಕೊಳ್ಳುವವನು ದಿನಾ ಆಫೀಸಿನ ಬಸ್ಸಿನಲ್ಲಿ ಅವರ ಪಕ್ಕ ಕೂರುವ ಗೋಪಿನಾಥ. ಆರಿಸಿ ಕೊಡುವ ಭಾರ ಮೂರ್ತಿಗಳದು. ಸಚಿವಾಲಯದ ಸರ್ಕಾರಿ ಕಾರುಗಳ ಫೈಲು ನೋಡುತ್ತಲೇ ತಲೆ ನರೆತವರು ಅವರು. ತಮಗೆಂದು ಒಂದನ್ನೂ ಕೊಂಡವರಲ್ಲ. ಹೆಂಡತಿ ಶಾಂತಮ್ಮ ತೀರಿಕೊಂಡ ಮೇಲೆ ಪಕ್ಕದಲ್ಲಿ ಕೂರುವವರು ಯಾರು?

"ಆ ಕೆಂಪು ಕಾರಲ್ಲಿ ಬಟನ್ ಒತ್ತಿದ್ರೆ ಕಿಟಕಿ ಏರುತ್ತಂತೆ ಮೂರ್ತಿಗಳೇ," ಎಂದ ಗೋಪಿನಾಥ.

"ಯಾಕೆ, ನಿಮಗೆ ಕೈಯಿಲ್ವೇ? ಇದನ್ನ ನೋಡಿ. ಪೆಟ್ರೋಲ್ ಕಡಿಮೆ ಕುಡಿಯುತ್ತೆ, ರಿಪೇರಿ ಸಾಮಾನು ಯಾವ ಗಲ್ಲಿಯಲ್ಲಾದರೂ ಸಿಗುತ್ತೆ. ದಿನಾ ಆಫೀಸಿಗೆ ಹೋಗೋ ಗಾಡಿ ಎತ್ತಿನ ಹಾಗಿರಬೇಕು ಸ್ವಾಮಿ, ಮದುವೆ ಕುದುರೆ ಹಾಗಲ್ಲ."

ಓಡಿಸಿ ನೋಡಲು ಹೊರಟರು. ಷೋರೂಮಿನ ಹುಡುಗ ಹಿಂದೆ, ಗೋಪಿನಾಥ ಸ್ಟಿಯರಿಂಗ್ ಹಿಡಿದು, ಮೂರ್ತಿಗಳು ಅವನ ಎಡಕ್ಕೆ, ಕಿಟಕಿಯ ಬಳಿ. ಆಫೀಸಿನವರಿಗೆಂದೇ ಓಡುವ ಚಾರ್ಟರ್ಡ್ ಬಸ್ಸಿನಲ್ಲಿ ಅವರಿಬ್ಬರೂ ಕೂರುತ್ತಿದ್ದುದೂ ಹೀಗೆಯೇ. ಗೋಪಿನಾಥ ಆರ್.ಕೆ.ಪುರಂನಲ್ಲಿ ಒಂದು ಸ್ಟಾಪು ಮೊದಲೇ ಹತ್ತಿ, ಕಿಟಕಿಯ ಸೀಟಿನ ಮೇಲೆ ಕರವಸ್ತ್ರ ಹಾಸುತ್ತಿದ್ದ. ಹಾಸಿದ ಕರವಸ್ತ್ರವನ್ನು ಆ ಬಸ್ಸಿನಲ್ಲಿ ಯಾರೂ ಸರಿಸುವುದಿಲ್ಲ. ಅದು ಮೂರ್ತಿಗಳದೇ ಕರವಸ್ತ್ರ, ಮೂಲೆಯಲ್ಲಿ ಶಾಂತಮ್ಮ ನೀಲಿ ದಾರದಲ್ಲಿ ಹೊಲಿದ ಪುಟ್ಟ ಶಂಖವಿತ್ತು. "ನಿಮ್ಮ ಹತ್ತಿರವೇ ಇರಲಿ, ಸೀಟು ಹಿಡಿಯೋಕೆ," ಎಂದು ಎಷ್ಟೋ ವರ್ಷದ ಹಿಂದೆ ಮೂರ್ತಿಗಳೇ ಅದನ್ನು ಗೋಪಿನಾಥನಿಗೆ ಕೊಟ್ಟಿದ್ದರು. ಬಸ್ಸು ಆಫೀಸು ಮುಟ್ಟುವತನಕ ಇಬ್ಬರದೂ ಕನ್ನಡ. ಸಂಜೆ ಬೀಗ ತೆಗೆದು ಮನೆಯೊಳಗೆ ಹೋದಮೇಲೆ ಮೂರ್ತಿಗಳ ಕನ್ನಡ ಕೇಳಲು ದೇವರ ಪಟಗಳು ಮಾತ್ರ.

ಕಾರಿನಲ್ಲಿ ಮೊಣಕಾಲು ಮುಂದಕ್ಕೆ ತಾಗಿತು. ಮೂರ್ತಿಗಳು ಸೀಟಿನ ಕೆಳಗೆ ಕೈಹಾಕಿ, ಅದನ್ನು ಪೂರಾ ಹಿಂದಕ್ಕೆ ಸರಿಸಿ, ಕಾಲು ಚಾಚಿದರು. "ಈಗ ಸರಿಹೋಯ್ತು ನೋಡಿ. ಬಸ್ಸಿಗಿಂತ ವಾಸಿ." ಮಂಜಿನಲ್ಲಿ ಕಾರು ಸದ್ದಿಲ್ಲದೆ ಸಾಗಿತು. ಬಹಳ ದಿನದ ಮೇಲೆ ಅವರು ಮೆಲ್ಲಗೆ ಒಂದು ದೇವರನಾಮ ಗುನುಗಿದರು.

ವಾಪಸು ಬಂದು ನಿಂತಾಗ ಗೋಪಿನಾಥ ಇಳಿದು ಎಡಬದಿಗೆ ಬಂದ. ಮೂರ್ತಿಗಳು ಎದ್ದ ಸೀಟನ್ನು ಎಳೆದು ಎಳೆದು ಮುಂದಕ್ಕೆ ತಂದ.

"ನಮ್ಮನೆಯವಳು ದೇವಕಿ ಕುಳ್ಳಿ ಅಲ್ವೇ, ಇಲ್ಲದಿದ್ರೆ ಕಾಲು ನೆಲಕ್ಕೆ ಎಟುಕಲ್ಲ. ಅವಳು ಪಾಠ ಮಾಡೋ ಸ್ಕೂಲು ದ್ವಾರಕಾದಲ್ಲಿ. ಆರೂವರೆಗೇ ಹೊರಟು, ಅವಳನ್ನ ಬಿಟ್ಟು, ಆ ಕಡೆಯಿಂದಲೇ ಆಫೀಸು." ಅವನು ಸೀಟನ್ನು ಅಲುಗಿಸಿ ನೋಡಿದ. "ನಿಮ್ಮನ್ನೂ ಕರೀತಿದ್ದೆ. ಆ ಹೊತ್ತಿಗೆ ನಿಮ್ಮ ಪೂಜೆಯೇ ಮುಗಿದಿರಲ್ಲ."

"ಹೌದು ಹೌದು," ಎಂದರು ಮೂರ್ತಿಗಳು. ಕನ್ನಡಕ ತೆಗೆದು ಒರೆಸಿಕೊಂಡರು.

"ಆದರೂ ಮನಸ್ಸು ಹೊಯ್ದಾಡ್ತಿದೆ. ಬೇಸಿಗೆ ಕಳೀಲಿ ಅಂತೀರಾ? ನೀವು ಬೇಡ ಅಂದ್ರೆ ಬೇಡ, ಮೂರ್ತಿಗಳೇ. ಬಸ್ಸಂತೂ ಇದ್ದೇ ಇದೆ."

ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೇ ಬಂದಿತ್ತು. ಹೋದ ತಿಂಗಳು ಇಂಥದೇ ಮಂಜಿನಲ್ಲಿ ದೇವಕಿ ಬಸ್ಸಿಳಿಯುವಾಗ ಬಿದ್ದು, ಕೈಗೆ ಹಾಕಿಸಿಕೊಂಡ ಪ್ಲಾಸ್ಟರು ಮೂರ್ತಿಗಳ ಕಣ್ಣಮುಂದೆ ಬಂತು. ಊರಲ್ಲಿ ಅವರ ತಾಯಿ ಹೇಳುತ್ತಿದ್ದಳು: ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿಸಬೇಡ ಮಗಾ, ಆ ದಾರಿ ಬಳ್ಳಿಯಾಗಿ ಬಂದು ನಿನ್ನ ಕಾಲಿಗೇ ಸುತ್ತಿಕೊಳ್ಳುತ್ತೆ.

"ತಡ ಮಾಡಬೇಡಿ. ಇದನ್ನೇ ತಗೊಳ್ಳಿ," ಎಂದರು. "ನಂಬಿದವರನ್ನ ನಡುದಾರೀಲಿ ಕೈಬಿಡೋ ಗಾಡಿ ಅಲ್ಲ."

ಮುಂದಿನ ಶುಕ್ರವಾರ ಸಂಜೆ ಬಸ್ಸು ಮೂರ್ತಿಗಳ ಸ್ಟಾಪಿನಲ್ಲಿ ನಿಂತಿತು. ಮರುದಿನ ಕಾರು ಮನೆಗೆ ಬರುವುದಿತ್ತು. ದಾರಿ ಬಿಡಲು ಗೋಪಿನಾಥ ಎದ್ದು ನಿಂತ. ಜೇಬಿನಿಂದ ಕರವಸ್ತ್ರ ತೆಗೆದು ಮೂರ್ತಿಗಳ ಅಂಗೈಯಲ್ಲಿಟ್ಟ. ಒಗೆದು, ಇಸ್ತ್ರಿ ಮಾಡಿ, ಶಂಖ ಮೇಲೆ ಕಾಣುವಂತೆ ಮಡಿಸಿದ್ದ. ಅಷ್ಟು ವರ್ಷದ ಬಸ್ಸಿನ ಧೂಳು ಅದರಲ್ಲಿ ಒಂದಿಷ್ಟೂ ಉಳಿದಿರಲಿಲ್ಲ.