ಬೇರಿನ ಬರಹ

ನೀಲವ್ವ ರಕ್ತದ ಸೆರಗನ್ನು ಬಾಯಿಗೊತ್ತಿಕೊಂಡು ಕಟಕಟೆ ಹತ್ತಿದಳು. ಆಕೆಯ ಗಂಡ ಗದಿಗೆಪ್ಪ ಎದುರು ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

ಮರ ವರ್ಷಗಳನ್ನು ಬರೆದಿಟ್ಟುಕೊಳ್ಳುವಂತೆ ಹಲ್ಲು ಮೈಗೆ ಬಿದ್ದ ಏಟುಗಳನ್ನು ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಿ ನ್ಯಾಯಾಧೀಶರಿಗೆ ಹೇಳುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ.

"ಮುಂಜಾನಿ ಬಚ್ಚಲದಾಗ ಬಿದ್ದಾಳ್ರೀ ಬಾಯಾರ," ಎಂದ ಗದಿಗೆಪ್ಪ. "ಹಲ್ಲೆಲ್ಲಾ ಪುಡಿ ಆಗ್ಯಾವು. ಇನ್ನೇನ್ ಓದ್ತೀರಿ?"

ನೀಲವ್ವನ ಬಾಯಿ ತೆರೆಸಿದೆ. ತುಟಿ ಸೀಳಿ ನೇತಾಡುತ್ತಿತ್ತು. ಮುಂದಿನ ಆರು ಹಲ್ಲುಗಳು ವಸಡಿನ ಮಟ್ಟಕ್ಕೆ ಮುರಿದಿದ್ದವು. ಹೊಡೆಯುವ ಗಂಡಸರೆಲ್ಲ ಮಾಡುವ ತಪ್ಪು ಇದು. ಕಾಣುವ ಬಿಳುಪೇ ಹಲ್ಲು ಅಂದುಕೊಳ್ಳುತ್ತಾರೆ. ಆ ಎನಾಮಲ್‌ಗೆ ಏನೂ ನೆನಪಿರುವುದಿಲ್ಲ. ಬರಹ ಇರುವುದು ಅದರಡಿಯ ಹಳದಿ ಡೆಂಟಿನ್‌ನಲ್ಲಿ, ಅದು ದವಡೆಯೊಳಗಿನ ಬೇರಿನ ತನಕ ಇಳಿದಿರುತ್ತದೆ.

"ಸ್ವಲ್ಪ ತಡ್ಕೋ ತಂಗಿ," ಎಂದು ವಸಡು ಸರಿಸಿ ಮಸೂರ ಹಿಡಿದೆ. ಮದುವೆಯ ವರ್ಷದ ಬೆಲ್ಟಿನ ಏಟು ತೆಳ್ಳನೆಯ ಗೆರೆಯಾಗಿತ್ತು. ಬಸುರಿಯಾಗಿದ್ದಾಗಿನ ಒದೆ ದಪ್ಪಗೆ ಕಪ್ಪಾಗಿತ್ತು. ಅದರ ಮೇಲಿನದು ಇನ್ನೂ ಹಸಿಯಾಗಿತ್ತು.

"ಇದು ಇವತ್ತಿಂದು, ಸಾಹೇಬ್ರ," ಎಂದೆ. "ಬಚ್ಚಲ ಅಲ್ಲ, ಒಳಕಲ್ಲಿನ ಗುಂಡು. ಆರು ಸಲ ಜಜ್ಜ್ಯಾನ."

ಗದಿಗೆಪ್ಪ ಬೆಂಚು ಒದ್ದು ಎದ್ದ. ಪೊಲೀಸರು ಅವನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದರು.

"ಸುಳ್ಳು! ಮುರಿದ ಹಲ್ಲಿನಾಗ ಏನ್ ಇರ್ತೈತಿ?" ಎಂದು ಅರಚಿದ.

ನಾನು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ನನ್ನ ಬಾಯಿಂದ ತೆಗೆದು ಅವನ ಮೂಗಿನ ಮುಂದೆ ನೆಲದ ಮೇಲಿಟ್ಟೆ.

"ನನ್ನ ಗಂಡನೂ ಹಿಂಗ ಕೇಳಿದ್ದ," ಎಂದೆ. "ಇನ್ನೂ ಜೈಲಿನಾಗ ಅದಾನ."