ನೀಲವ್ವ ಒಪ್ಪಿಕೊಂಡ ತಪ್ಪು

ಬಂಡೆ ಹತ್ತುವಾಗ ಬಿದ್ದು ಸತ್ತವರು ಮರುವರ್ಷ ಒಂದು ದಿನ ಬಂದು, ಹೊಸಬರಿಗೆ ತಮ್ಮ ತಪ್ಪು ಹೇಳಿ ಹೋಗಬೇಕು. ಬಾದಾಮಿಯ ಶಿಬಿರದಲ್ಲಿ ಈ ಸಲ ನೀಲವ್ವನ ಸರದಿ. ಮುಖ್ಯಸ್ಥ ಮೇಟಿ ಅವಳ ಕೈಗೆ ಚೀಟಿ ಕೊಟ್ಟ. ‘ನಾನು ಹಗ್ಗದ ಗಂಟು ಸರಿಯಾಗಿ ಹಾಕಲಿಲ್ಲ’ ಎಂದು ಅದರಲ್ಲಿತ್ತು.

“ಗಂಟು ಗಟ್ಟಿ ಇತ್ರೀ. ಬಂಡೆಗೆ ಹೊಡೆದ ಬೋಲ್ಟ್ ತುಕ್ಕು ಹಿಡಿದಿತ್ತು. ಮೂರು ಸಲ ಹೇಳಿದ್ದೆ ನಿಮಗ!”

“ಸತ್ತಾಕಿಗೆ ಇನ್ನೇನು ಮರ್ಯಾದಿ ಚಿಂತಿ? ಓದಿಬಿಡವ್ವಾ, ಚಾ ಆರತೈತಿ.”

“ಇವತ್ತೂ ಇವರೆಲ್ಲಾ ಅದ ಬೋಲ್ಟಿಗೇ ಹಗ್ಗ ಹಾಕಾವ್ರೇನು?”

“ಹೊಸಾದು ಬರೂತನಾ ಅದ.”

ನೀಲವ್ವ ಚೀಟಿ ಹರಿದೆಸೆದು, ಹಗ್ಗ ಹಿಡಿದು ಕಾಯುತ್ತಿದ್ದ ಹನ್ನೆರಡು ಮಂದಿಯತ್ತ ತಿರುಗಿದಳು.

“ತಪ್ಪು ನಂದ ಐತ್ರೀ. ತುಕ್ಕು ಕಣ್ಣಿಗೆ ಕಂಡಿತ್ತು. ಆದ್ರೂ ಈ ಮನುಷ್ಯಾ ಹತ್ತು ಅಂದಾಗ ಹತ್ತಿದೆ. ನೀವು ಹತ್ತಬ್ಯಾಡ್ರಿ.”